ಎರಡು ವೀಸೆಯ ಪುರಾಣ

ಸಾರಿಸಿದ ನೆಲದ ಮೇಲೆ ಗೀರು ಎಳೆಯುವವರು ಯಾರು ಎನ್ನುವುದು ಆ ವರ್ಷದ ಶ್ರಾವಣದಲ್ಲಿ ಮರಿಯಯ್ಯನ ಮನೆಯ ದೊಡ್ಡ ವ್ಯಾಜ್ಯವಾಗಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎರಡು ಮೈಲಿ ನಡೆದು ಎಡಕ್ಕೆ ತಿರುಗಿದರೆ ಅವರ ಊರು. ಊರ ನಡುವೆ ಹಳೆಯ ತೊಟ್ಟಿಮನೆ. ಸೋಮವಾರ ಮತ್ತು ಶುಕ್ರವಾರ ಸೊಸೆ ಚಿಕ್ಕಲಕ್ಷ್ಮಮ್ಮ ಸಗಣಿ ಕಲಸಿ ನೆಲ ಸಾರಿಸುತ್ತಿದ್ದಳು. ಏಳು ತಿಂಗಳ ಬಸುರಿ ಬಗ್ಗಿ, ಎದ್ದು, ಸೊಂಟ ಹಿಡಿದುಕೊಂಡು ಮಾಡಿದ ಕೆಲಸ. ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಸಂಜೆಯ ಹೊತ್ತಿಗೆ ಎರಡು ಗೀರು ಬಿದ್ದಿರುತ್ತಿದ್ದವು. ದೇವರ ಮೂಲೆಯಲ್ಲಿ ಹುಟ್ಟಿ, ತೊಟ್ಟಿಯ ಅಂಚಿನಲ್ಲಿ ಬೆಳಕು ಬೀಳುವ ಕಡೆಗೆ ಜೊತೆಜೊತೆಯಾಗಿ ಬಂದು ನಿಲ್ಲುತ್ತಿದ್ದವು.

"ಮಾವ, ಗುದ್ಲಿ ಎಳ್ಕೊಂಡು ಒಳೀಕೆ ಬಂದಿದ್ರಾ?"

"ನಾನ್ಯಾಕಮ್ಮ ಗುದ್ಲಿ ತಕ್ಕೊಂಡು ದೇವ್ರ ಮೂಲೆಗೆ ಓಗ್ಲಿ?" ಎಂದ ಮರಿಯಯ್ಯ. "ಬೆಕ್ಕಿರ್ಬೇಕು ನೋಡು."

"ಬೆಕ್ಕು ಎಳೆದ್ರೆ ಇಂಗೆ ನೆಟ್ಟಗೆ ಬತ್ತದಾ ಗೀರು?"

"ಇಲಿ ಇರ್ಬೋದು ಬುಡು," ಎಂದಳು ಅತ್ತೆ ರೇವಮ್ಮ, ತಲೆ ಎತ್ತದೆ.

"ಇಲಿಗೆ ಇಷ್ಟು ದಪ್ಪ ಬಾಲ ಇದ್ರೆ ಅದು ನಮ್ಮನ್ನೇ ತಿಂದಾಕ್ಬುಡ್ತದೆ ಕಣತ್ತೆ!"

ಚಿಕ್ಕಲಕ್ಷ್ಮಮ್ಮನ ಗಂಟಲು ದೊಡ್ಡದು. ಕೊಕ್ಕರೆ ಬೆಳ್ಳೂರಿನ ಹೆಣ್ಣು. ಅಲ್ಲಿ ಹುಣಿಸೇಮರದ ತುಂಬ ಹಕ್ಕಿಗಳು ಗೂಡು ಕಟ್ಟಿ ಕಿರುಚುವಾಗ ಮನೆಯೊಳಗಿನ ಮಾತು ಮನೆಯೊಳಗೆ ಕೇಳಬೇಕಾದರೂ ಕೂಗಿಯೇ ಹೇಳಬೇಕು. ಅದನ್ನು ಬಳುವಳಿಯಾಗಿ ತಂದವಳಿಗೆ ಈ ಊರಿನಲ್ಲಿ ಮೆತ್ತಗೆ ಮಾತಾಡಲು ಯಾರೂ ಕಲಿಸಿರಲಿಲ್ಲ. ಅವಳು ಹೇಳಿದ್ದು ಬೀದಿಯ ಆಚೆಗಿದ್ದ ಮಂಚಮ್ಮನಿಗೂ ಕೇಳುತ್ತಿತ್ತು, ಮಂಚಮ್ಮ ಅಲ್ಲಿಂದಲೇ ಉತ್ತರವನ್ನೂ ಕೊಡುತ್ತಿದ್ದಳು.

ರೇವಮ್ಮನದು ಬೇರೆ ಬಗೆ. ಅವಳ ತಂದೆ ಕೂಲಿಮಠ ನಡೆಸಿ ಊರ ಹುಡುಗರಿಗೆ ಓದು ಹೇಳಿಕೊಟ್ಟವನು. ಹುಡುಗರ ಹಿಂದೆ ಮರಳಿನ ಮೇಲೆ ಬೆರಳಾಡಿಸುತ್ತ ಕೂತ ಮಗಳೂ ಅಕ್ಷರ ಕಲಿತುಬಿಟ್ಟಳು. ಮದುವೆಯಲ್ಲಿ ಅವಳ ಜೊತೆ ಒಂದು ಪಾತ್ರೆಪೆಟ್ಟಿಗೆಯೂ ಒಂದು ಪುರಾಣದ ಪುಸ್ತಕವೂ ಬಂದವು. ದಪ್ಪ ಅಕ್ಷರ, ದಪ್ಪ ರಟ್ಟು, ಸಾವಿರಕ್ಕೆ ಮೇಲ್ಪಟ್ಟ ಹಾಳೆ. ಮರಿಯಯ್ಯ ಹೊಸದರಲ್ಲಿ ತಮಾಷೆಗೆಂದು ಅದನ್ನು ಅಂಗಡಿಯ ತಕ್ಕಡಿಗೆ ಹಾಕಿಸಿದ್ದ. ಸರಿಯಾಗಿ ಎರಡು ವೀಸೆ, ಈಗಿನ ಲೆಕ್ಕದಲ್ಲಿ ಮೂರು ಕಿಲೋದ ಹತ್ತಿರ, ತೂಗಿತ್ತು. "ಎಂಡ್ತಿಗಿಂತ ಇದೇ ಬಾರ," ಎಂದು ಆಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಪ್ರತಿ ವರ್ಷ ಶ್ರಾವಣದ ಮೊದಲ ಸೋಮವಾರ ರೇವಮ್ಮ ಪುರಾಣ ಹಚ್ಚುತ್ತಿದ್ದಳು. ಶಿವರಾತ್ರಿಗೆ ಮುಗಿಸಿ ಮಂಗಳ ಹಾಡಿ ಪಾಯಸ ಹಂಚಬೇಕು. ಹಚ್ಚಿದ ಪುರಾಣವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಸ್ನಾನ ಮಾಡಿ ಓದುವವರ ಕೈಯ ಹೊರತು ಮತ್ತೊಂದು ಕೈ ಅದನ್ನು ಮುಟ್ಟುವ ಹಾಗಿಲ್ಲ. ದೀಪ ಹಚ್ಚುವ ಹೊತ್ತಿಗೆ ಅದು ದೇವರ ಮೂಲೆಯಲ್ಲಿ, ತನ್ನ ಮಣೆಯ ಮೇಲೆ, ಪಂಚೆಯ ಮುಸುಕು ಹೊದ್ದು ಕೂತಿರಬೇಕು. ಇದೆಲ್ಲ ಅವಳ ತಂದೆ ಹಾಕಿಕೊಟ್ಟ ಕಟ್ಟಲೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ತೊಟ್ಟಿಯ ಬೆಳಕಿನಲ್ಲಿ ಓದು. ಮಂಚಮ್ಮನನ್ನು ಮುಂದಿಟ್ಟುಕೊಂಡು ಬೀದಿಯ ಐದಾರು ಹೆಂಗಸರು ಬಂದು ಕೂರುವ ಹೊತ್ತಿಗೆ ಪುಸ್ತಕ ಬೆಳಕಿನಲ್ಲಿ ತೆರೆದಿರುತ್ತಿತ್ತು. ಆ ಹೊತ್ತಿನಲ್ಲಿ ಚಿಕ್ಕಲಕ್ಷ್ಮಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳಿಗೆ ಅಕ್ಷರವೂ ಬಾರದು, ಪುರಾಣದ ಹುಚ್ಚೂ ಇಲ್ಲ. ಕೇಳಿದರೆ ಕೇಳಲಿ ಎಂದು ಕಿವಿ ಮಾತ್ರ ಈ ಕಡೆ ಬಿಟ್ಟಿರುತ್ತಿದ್ದಳು.

ರೇವಮ್ಮನ ಕೈಗೆ ವಾಯು ಹಿಡಿದು ನಾಲ್ಕು ವರ್ಷವಾಗಿತ್ತು. ಬೆರಳ ಗಿಣ್ಣುಗಳು ಊದಿ ಅಡ್ಡಡ್ಡ ತಿರುಗಿದ್ದವು, ಮಣಿಕಟ್ಟು ತಿರುಚಿದರೆ ಪ್ರಾಣ ಹೋಗುತ್ತಿತ್ತು, ಭುಜದಿಂದ ಕತ್ತಿನವರೆಗೆ ಚಳುಕು. ಹರಳೆಣ್ಣೆ ಹಚ್ಚಿದ್ದಾಯಿತು, ಲಕ್ಕಿಸೊಪ್ಪಿನ ಶಾಖ ಕೊಟ್ಟಿದ್ದಾಯಿತು. ಯಾವುದಕ್ಕೂ ಜಗ್ಗಲಿಲ್ಲ. ಒಂದು ದಿನ ಮರಿಯಯ್ಯ, "ಕೈ ಆಗ್ದಿದ್ಮೇಲೆ ಆ ಓದು ಯಾಕೆ? ಸಾಕು ಬುಟ್ಬುಡು," ಎಂದಿದ್ದ. ಅಂದಿನಿಂದ ರೇವಮ್ಮ ನೋವಿನ ಮಾತನ್ನು ಗಂಡನ ಮುಂದೆ ಎತ್ತುವುದನ್ನೇ ಬಿಟ್ಟಳು. ಮುದ್ದೆಯ ಹಿಟ್ಟು ತೊಳಸುವುದು, ನೀರು ಸೇದುವುದು, ರಾಗಿ ಬೀಸುವುದು ಒಂದೊಂದಾಗಿ ಸೊಸೆಯ ಕೈಗೆ ಬಂದವು. ಸೊಸೆ ಗೊಣಗುತ್ತ, ಆದರೆ ಚೆನ್ನಾಗಿಯೇ ಮಾಡಿದಳು.

ಆಶ್ವೀಜದಲ್ಲಿ ಹೆಣ್ಣುಕೂಸು ಹುಟ್ಟಿತು. ತಾಯಿಮನೆಯಲ್ಲಿ ತಾಯಿ ಹೋಗಿ ವರ್ಷವಾಗಿದ್ದರಿಂದ ಚಿಕ್ಕಲಕ್ಷ್ಮಮ್ಮನ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ರೇವಮ್ಮ ಮೆಣಸಿನ ಸಾರು ಕಾಯಿಸಿದಳು, ಬೆಳ್ಳುಳ್ಳಿ ಸುಟ್ಟು ಕೊಟ್ಟಳು, ಸಾಂಬ್ರಾಣಿ ಹಾಕಿದಳು. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಮಾತ್ರ ಮಂಚಮ್ಮ ಮಾಡಿದಳು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ತಿಕ್ಕುವ ರಭಸಕ್ಕೆ ಕೂಸು ಬಾಯಿ ಬಿಟ್ಟು ಅತ್ತರೆ, "ಅಳು ಅಳು, ಗಂಟ್ಲು ಅವ್ವಂದೇ ಬಂದದೆ," ಎನ್ನುತ್ತಿದ್ದಳು.

ಮಾರ್ಗಶಿರದಲ್ಲಿ ಮಂಚಮ್ಮನ ಮಗಳಿಗೆ ಬಸರಾಳಿನಲ್ಲಿ ಹೆರಿಗೆಯಾಗಿ ಅವಳು ಅಲ್ಲಿಗೆ ಹೊರಟುಹೋದಳು. ಇಲ್ಲಿ ರಾಗಿ ಕುಯ್ಲು ನಡೆದಿತ್ತು. ಮರಿಯಯ್ಯ ಬೆಳಗಾದರೆ ಕಣದಲ್ಲಿ. ಮಗ ಕೆಂಪಸಿದ್ದಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು, ಕಬ್ಬು ಅರೆಯುವ ಕಾಲವಾದ್ದರಿಂದ ಭಾನುವಾರ ಮಾತ್ರ ರೈಲಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು, ಒಂದು ಕೂಸು, ಒಲೆಯ ಮೇಲೆ ಕುದಿಯುವ ಒಂದು ಹಂಡೆ ನೀರು.

"ಅತ್ತೆ, ಕೂಸಿಗೆ ನೀರು ಆಕ್ಬೇಕು. ಎಣ್ಣೆ ಅಚ್ಚುದ್ರೆ ನನ್ ಕೈಲಿ ಜಾರ್ತದೆ, ಎದ್ರಿಕೆ ಆಯ್ತದೆ."

"ಇವತ್ತು ಒಸಿ ಒದ್ದೆ ಬಟ್ಟೇಲಿ ಒರೆಸ್ಬುಡು ಮಗಾ."

"ನೆನ್ನೇನೂ ಅದೇ ಅಂದ್ರಿ. ಮೊನ್ನೇನೂ ಅದೇ. ಬಟ್ಟೇಲಿ ಒರೆಸಕ್ಕೆ ಇದೇನು ಕುಂಬ್ಳಕಾಯಾ?"

"ಕೈ ಬರಕ್ಕಿಲ್ಲ ಕಣಮ್ಮಿ."

ಆರು ದಿನದ ನಿದ್ದೆ ಇಲ್ಲ, ಕಣದವರಿಗೆ ಬುತ್ತಿ ಕಟ್ಟಬೇಕು, ಜೋಲಿಯಲ್ಲಿ ಕೂಸು ಒಂದೇ ಸಮ ಅಳುತ್ತಿದೆ, ಕಾಲಡಿಯಲ್ಲಿ ಆ ಹಾಳು ಗೀರುಗಳು. ಚಿಕ್ಕಲಕ್ಷ್ಮಮ್ಮನಿಗೆ ಎಲ್ಲವೂ ಒಟ್ಟಿಗೆ ನೆತ್ತಿಗೇರಿತು.

"ಕೂಸು ಎತ್ತಕ್ಕೆ ಬರ್ದೇ ಇರೋ ಕೈ, ಆ ಬಂಡೆಯಂಥ ಪುಸ್ತಕ ಎತ್ತಕ್ಕೆ ಎಂಗ್ ಬತ್ತದೆ? ದಿನಾ ಮದ್ಯಾನ ತೊಟ್ಟಿಗೆ ತಂದು ಮಡಗ್ತೀರಲ್ಲ, ಆವಾಗ ನೋಯಲ್ವಾ? ಎರಡು ವೀಸೆ ಅಂತೆ! ನನ್ ಕೂಸೇನು ಅದ್ಕಿಂತ ಬಾರವಾ?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ರೇವಮ್ಮ ಸೆರಗಿನೊಳಗೆ ಕೈ ಹುದುಗಿಸಿಕೊಂಡಳು. ಒಂದು ಮಾತು ಬೈದಿದ್ದರೆ ಚಿಕ್ಕಲಕ್ಷ್ಮಮ್ಮನಿಗೆ ಸಮಾಧಾನವಾಗುತ್ತಿತ್ತು. ಆ ಅತ್ತೆ ಬೈಯಲೇ ಇಲ್ಲ.

ಸಂಜೆ ಮರಿಯಯ್ಯ ಹಿಟ್ಟು ಉಂಡು ಕೈ ತೊಳೆಯುವಾಗ ರೇವಮ್ಮ ಹೇಳಿದಳು. "ನಾಳೆ ಸ್ನಾನ ಮಾಡ್ಕೊಂಡು ಪುಸ್ತಕವ ಮಳವಳ್ಳಿ ಮಠಕ್ಕೆ ಕೊಟ್ಬುಟ್ಟು ಬಾ. ಅಲ್ಲಿ ಓದೋರು ಅವ್ರೆ."

"ಪುರಾಣ ಅರ್ಧದಲ್ಲಿ ಅದಲ್ಲಮ್ಮಿ?"

"ಮಿಕ್ಕಿದ್ದ ಅವ್ರೇ ಓದ್ಕೊತಾರೆ."

ಮರಿಯಯ್ಯ ಹೆಂಡತಿಯ ಮುಖ ನೋಡಿದ, ಸೊಸೆಯ ಮುಖ ನೋಡಿದ. ಇಬ್ಬರ ನಡುವೆ ತಲೆ ಹಾಕುವಷ್ಟು ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಪುಸ್ತಕವನ್ನು ಪಂಚೆಯಲ್ಲಿ ಕಟ್ಟಿ ಹೆಗಲಿಗೇರಿಸಿ ಹೊರಟ.

ಮಧ್ಯಾಹ್ನ ಹೆಂಗಸರು ಬಂದು ಖಾಲಿ ಮೂಲೆ ನೋಡಿದರು. ಕತೆ ಎಂಥ ಜಾಗದಲ್ಲಿ ನಿಂತಿತ್ತೆಂದರೆ, ಕಾಡಿಗೆ ಅಟ್ಟಿಸಿಕೊಂಡ ರಾಣಿ ಎಳೆಗೂಸನ್ನು ತಲೆಯ ಮೇಲೆ ಹೊತ್ತು ತುಂಬಿದ ಹೊಳೆಗೆ ಇಳಿದಿದ್ದಾಳೆ, ನೀರು ಎದೆಯ ಮಟ್ಟಕ್ಕೆ ಬಂದಿದೆ.

"ದಾಟುದ್ಲಾ ರೇವಕ್ಕ? ಅಸ್ಟು ಯೋಳ್ಬುಡು."

"ನಾನೂ ಮುಂದಕ್ಕೆ ಓದಿಲ್ಲ ಕಣ್ರವ್ವ," ಎಂದಳು ರೇವಮ್ಮ. ಹಿಂದಿನ ವರ್ಷಗಳಲ್ಲಿ ಹತ್ತಾರು ಸಲ ಓದಿದ್ದಳೆಂಬುದು ಎಲ್ಲರಿಗೂ ಗೊತ್ತು. ಯಾರೂ ಎದುರಾಡದೆ ಎದ್ದು ಹೋದರು.

ಆಮೇಲಿನ ಎರಡು ವಾರ ಆ ಮನೆಯಲ್ಲಿ ಜಗಳವೇ ಆಗಲಿಲ್ಲ. ಅಷ್ಟು ಕೆಟ್ಟ ಎರಡು ವಾರವನ್ನು ಚಿಕ್ಕಲಕ್ಷ್ಮಮ್ಮ ಬಾಳಿನಲ್ಲಿ ಕಂಡಿರಲಿಲ್ಲ. ಉಪ್ಪು ಹೆಚ್ಚಾದರೂ ಅತ್ತೆ ಸುಮ್ಮನೆ ಉಣ್ಣುವಳು. ಹಿಟ್ಟು ಗಂಟಾದರೂ ಸುಮ್ಮನೆ ನುಂಗುವಳು. "ಸಾರು ಎಂಗದೆ ಅತ್ತೆ?" ಎಂದರೆ, "ಚೆಂದಾಗದೆ." ಕೂಸಿಗೆ ನೀರು ಹಾಕುವುದು ಇಬ್ಬರಿಗೂ ಸೇರದ ಮಾತಾಗಿ, ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಹಾಕಿಸುವುದಾಯಿತು.

ಒಂದು ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಹುಲ್ಲು ಹಾಕಿ ಕೊಟ್ಟಿಗೆಯಿಂದ ಬರುವಷ್ಟರಲ್ಲಿ ರೇವಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತುಬಿಟ್ಟಿದ್ದಳು. ಕೂಸು ಅವಳ ಕಾಲ ಮೇಲೆ ಅಂಗಾತ ಮಲಗಿ ಕೈಕಾಲು ಬಡಿಯುತ್ತಿತ್ತು. ತಣ್ಣೀರಿಗೆ ಬೆರೆಸಲೆಂದು ಕುದಿನೀರು ತುಂಬಿದ ಚೊಂಬನ್ನು ರೇವಮ್ಮ ಎರಡು ಅಂಗೈಗಳ ನಡುವೆ ಅದುಮಿ ಎತ್ತಿದಳು. ಬೆರಳು ಮಡಚಲಿಲ್ಲ. ಚೊಂಬು ಜಾರಿತು. ಮುದುಕಿ ಆ ಕ್ಷಣದಲ್ಲಿ ಮೊಣಕೈಯಿಂದ ಅದನ್ನು ಆಚೆಗೆ ತಳ್ಳಿದಳು. ಕುದಿನೀರೆಲ್ಲ ಅವಳ ಬಲಪಾದದ ಮೇಲೆ ಸುರಿಯಿತು, ಕೂಸಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಅತ್ತೆ!"

"ಕೂಸಿಗೇನಾಗಿಲ್ಲ. ಮೊದ್ಲು ಕೂಸ ಎತ್ಕೊ, ಕೂಸ ಎತ್ಕೊ."

ಚಿಕ್ಕಲಕ್ಷ್ಮಮ್ಮ ಕೂಸನ್ನು ಜೋಲಿಗೆ ಹಾಕಿ, ಲೋಳೆಸರ ಸೀಳಿ ತಂದು ಅತ್ತೆಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಚ್ಚತೊಡಗಿದಳು. ಹೆಬ್ಬೆರಳಿನ ಸಂದಿಗೆ ಬಂದಾಗ ಕೈ ನಿಂತಿತು. ಅಲ್ಲಿ ಚರ್ಮ ದಡ್ಡುಗಟ್ಟಿ, ಅಡ್ಡಕ್ಕೆ ಒಂದು ಪಟ್ಟೆ ಬಿದ್ದಿತ್ತು. ಎತ್ತಿನ ಹೆಗಲಿಗೆ ನೊಗದ ಗುರುತು ಬೀಳುವ ಹಾಗೆ.

"ಇದೇನತ್ತೆ ಇದು?"

"ಏನಿಲ್ಲ ಬುಡು. ಮೆಟ್ಟು ಕಚ್ಚಿದ್ದು."

"ನೀವು ಮೆಟ್ಟು ಆಕ್ಕೊಂಡಿದ್ದ ನಾನಂತೂ ಕಂಡಿಲ್ಲ."

ಅವಳು ಎದ್ದು ನಿಂತಳು. ಸಾರಿಸಿದ ನೆಲ ಕಣ್ಣಿಗೆ ಬಿತ್ತು. ಸೋಮವಾರ ಸಾರಿಸಿದ್ದು, ಇವತ್ತು ಗುರುವಾರ, ಒಂದು ಗೀರೂ ಇಲ್ಲ. ಪುಸ್ತಕ ಹೋದಂದಿನಿಂದ ಒಂದು ಗೀರೂ ಬಿದ್ದಿರಲಿಲ್ಲ. ಅವಳು ಸೀದಾ ದೇವರ ಮೂಲೆಗೆ ಹೋದಳು. ಪುಸ್ತಕ ಕೂರುತ್ತಿದ್ದ ಮಣೆಯನ್ನು ಗೋಡೆಗೆ ಒರಗಿಸಿದ್ದರು. ತಿರುಗಿಸಿ ನೋಡಿದಳು. ಅಡಿಯ ಎರಡು ಪಟ್ಟಿಗಳು ಸವೆದು ಹೊಳೆಯುತ್ತಿದ್ದವು. ಮುಂದಿನ ಅಂಚಿಗೆ ಒಂದು ನಾರಿನ ಹಗ್ಗ, ಹಗ್ಗದ ತುದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಕುಣಿಕೆ.

ಮಣೆಯನ್ನು ತಂದು ಅತ್ತೆಯ ಮುಂದೆ ಇಟ್ಟು ಕೂತಳು.

ರೇವಮ್ಮನ ಕಣ್ಣಲ್ಲಿ ನೀರು ಬಂತು. "ಕಾಲಲ್ಲಿ ಎಳೀತಿದ್ದೆ ಕಣಮ್ಮಿ. ದೇವ್ರ ಪುಸ್ತಕವ, ನಮ್ಮಪ್ಪ ಕೊಟ್ಟ ಪುಸ್ತಕವ, ಕಾಲಲ್ಲಿ ಎಳ್ಕೊಂಡು ಬಂದು ಓದ್ತಿದ್ದೆ. ಓದ ವರ್ಸದವರ್ಗೂ ತೋಳಲ್ಲಿ ತಬ್ಕೊಂಡು ತರ್ತಿದ್ದೆ, ಈ ಶ್ರಾವಣದಿಂದ ಅದೂ ಆಗ್ಲಿಲ್ಲ. ಕೈಲಿ ಎತ್ತಿಲ್ಲ ಅಂತ ನಿಂಗೆ ಎಂಗ್ ಯೋಳ್ಲಿ? ಕಾಲಲ್ಲಿ ಎಳೆದೆ ಅಂತ ಬಾಯ್ಬುಟ್ಟು ಎಂಗ್ ಯೋಳ್ಲಿ? ನೀನು ಮೈಗಳ್ಳಿ ಅಂದ್ರೂ ಅನ್ನಿಸ್ಕೊತೀನಿ, ಇದ ಯೋಳಕ್ಕಾಗಕ್ಕಿಲ್ಲ ಅಂತ ಸುಮ್ಕಾದೆ."

"ಆಳೆ ಎಂಗ್ ತಿರುವ್ತಿದ್ರಿ?"

"ಮೊಣಕೈಲಿ. ಒಂದೊಂದ್ ಸಲ ಗಲ್ಲದಲ್ಲಿ."

"ನನ್ನ ಕರೆದಿದ್ರೆ ತಂದು ಮಡಗ್ತಿರ್ನಿಲ್ವಾ?"

"ಬಸ್ರಿ ಕೈಲಿ ಎರಡು ವೀಸೆ ಎತ್ತಿಸ್ಲಾ?"

ಚಿಕ್ಕಲಕ್ಷ್ಮಮ್ಮನಿಗೆ ತನ್ನ ದೊಡ್ಡ ಗಂಟಲಿನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ತನ್ನ ಹೊಟ್ಟೆಯ ಕೂಸಿಗೆಂದು ಈ ಮುದುಕಿ ಹಗ್ಗಕ್ಕೆ ಕಾಲು ಕೊಟ್ಟಿದ್ದಳು, ತಾನು ಅದೇ ಕೂಸನ್ನು ಮುಂದಿಟ್ಟುಕೊಂಡು ಬೀದಿಗೆ ಕೇಳುವಂತೆ ಅಂದಿದ್ದಳು. ಅತ್ತೆಯ ಕಾಲು ಹಿಡಿದುಕೊಂಡೇ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಹೇಳಿದಳು.

"ನಿಮ್ ಕಾಲು ತಗುಲಿದ್ದು ಅಗ್ಗಕ್ಕೆ, ಪುಸ್ತಕಕ್ಕಲ್ಲ. ದೇವ್ರ ಗಾಡಿ ಎಳೆಯೋ ಎತ್ತು ಕಾಲಲ್ಲೇ ನಡೆದು ಎಳೀತದೆ. ಅದಕ್ಕೇನು ಪಾಪ ಬತ್ತದಾ?"

ರೇವಮ್ಮನ ಅಳುವಿನ ನಡುವೆ ನಗು ಬಂತು. "ನನ್ನ ಎತ್ತು ಅಂತೀಯಾ?"

ಅಂದೇ ಒಂದು ಏರ್ಪಾಟಾಯಿತು. ಕೂಸಿಗೆ ನೀರು ಹಾಕುವಾಗ, ಸುಟ್ಟ ಪಾದಕ್ಕೆ ಬಾಳೆಲೆ ಸುತ್ತಿಕೊಂಡ ಕಾಲು ಅತ್ತೆಯದು, ಕೈ ಸೊಸೆಯದು. ಕಾಲ ಮೇಲೆ ಮಲಗಿದ ಕೂಸು ಜಾರುವ ಹಾಗಿಲ್ಲ. ರೇವಮ್ಮ "ಕಂಕ್ಳು ತಿಕ್ಕು, ಕಿವಿಗೆ ನೀರು ಬುಡ್ಬೇಡ" ಎಂದು ಹೇಳುತ್ತ ಹೋದಳು, ಚಿಕ್ಕಲಕ್ಷ್ಮಮ್ಮ ತಿಕ್ಕುತ್ತ ಹೋದಳು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಹೊಡೆದಾಡಿದೆವಲ್ಲ ಎಂದು ಇಬ್ಬರಿಗೂ ನಾಚಿಕೆಯಾಯಿತು.

ಕೂಸಿನದು ಸರಿಹೋಯಿತು. ಪುಸ್ತಕದ ಗತಿ? ಭಾನುವಾರ ಗಂಡ ಬಂದು ಉಣ್ಣಲು ಕೂತಾಗ ಚಿಕ್ಕಲಕ್ಷ್ಮಮ್ಮ ಹುರುಳಿ ಬಸ್ಸಾರು ಬಡಿಸುತ್ತ ಮಾತು ತೆಗೆದಳು. ನಡೆದದ್ದನ್ನೆಲ್ಲ ಹೇಳಿ, "ಮಠಕ್ಕೆ ಓಗಿ ಪುಸ್ತಕ ವಾಪಸ್ ತರ್ಬೇಕು," ಎಂದಳು.

"ಕೊಟ್ಟಿದ್ದ ಎಂಗ್ ಕೇಳದು?" ಎಂದ ಕೆಂಪಸಿದ್ದಯ್ಯ. "ಮಠದೋರು ಮಕದ ಮೇಲೆ ಉಗೀತಾರೆ."

ಮರಿಯಯ್ಯ ಕೆಮ್ಮಿದ. ತಟ್ಟೆಯ ಕಡೆಗೇ ನೋಡುತ್ತ, "ಅದು ಮಠದಲ್ಲಿಲ್ಲ," ಎಂದ.

"ಮತ್ತೆ?"

"ಅವ್ರು ನೋಡುದ್ರು. ಬೆನ್ನು ಕಿತ್ತೋಗದೆ, ರಟ್ಟು ಕಟ್ಟಿಸ್ಕೊಂಡು ಬಾ ಅಂದ್ರು. ಮದ್ದೂರಲ್ಲಿ ರಟ್ಟು ಕಟ್ಟೋ ಫಕ್ರುದ್ದೀನ್ ಸಾಬ್ರ ಅಂಗ್ಡೀಲಿ ಬುಟ್ಟು ಬಂದೆ. ಕಣದ ಕೆಲ್ಸ, ಮತ್ತೆ ಓಗಕ್ಕಾಗ್ಲಿಲ್ಲ. ಮನೇಲಿ ಕೇಳ್ದೋರು ಯಾರು? ಇಬ್ರೂ ಮೂಗ್ಯಾರಂಗೆ ಕುಂತಿದ್ರಿ."

ಚಿಕ್ಕಲಕ್ಷ್ಮಮ್ಮ ಮಾವನ ತಟ್ಟೆಗೆ ಕೇಳದೆಯೇ ಇನ್ನೊಂದು ಹಿಟ್ಟು ಇಟ್ಟಳು. ಅವನು ಅದನ್ನೂ ಮುರಿದು ಸಾರಿಗೆ ಅದ್ದಿದ.

ಮೂರು ತಿಂಗಳು ತುಂಬಿದ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಗಾಡಿ ಕಟ್ಟಿಸಿ, ಗಂಡ ಹೆಂಡತಿ ಅಂದೇ ಮದ್ದೂರಿಗೆ ಹೋದರು. ಫಕ್ರುದ್ದೀನನ ಅಂಗಡಿ ಎಂದರೆ ಅವನ ಮನೆಯ ಮುಂದಿನ ಜಗುಲಿ. ಹಿಂದಿನ ಬಾಗಿಲಿಗೆ ಒಂದು ಪರದೆ. ಜಗುಲಿ ಹತ್ತಿದ ಚಿಕ್ಕಲಕ್ಷ್ಮಮ್ಮ ಅಲ್ಲೇ ನಿಂತಳು. ಪುಸ್ತಕದ ರಟ್ಟು ಒಂದು ಕಡೆ, ಬೆನ್ನಿನ ತೊಗಲು ಒಂದು ಕಡೆ. ಒಳಗಿನ ಹಾಳೆಗಳನ್ನೆಲ್ಲ ದಾರ ಬಿಚ್ಚಿ ಚಾಪೆಯ ಮೇಲೆ ಕಂತೆಕಂತೆಯಾಗಿ ಜೋಡಿಸಿದ್ದ.

"ಅಯ್ಯೋ, ಕಿತ್ತಾಕ್ಬುಟ್ರಾ ಸಾಬ್ರೆ!"

"ಕಿತ್ತಿಲ್ಲ ತಾಯಿ, ಬಿಚ್ಚಿದ್ದೀನಿ," ಎಂದ ಫಕ್ರುದ್ದೀನ್. "ಬಿಚ್ಚದೆ ಹೊಲಿಯೋದು ಹ್ಯಾಗೆ? ಈ ಯುದ್ಧದಲ್ಲಿ ದಪ್ಪ ರಟ್ಟು ಸಿಕ್ತಿಲ್ಲ, ಅದಕ್ಕೇ ನಿಂತಿದೆ."

ಅವಳು ಬಗ್ಗಿ ಒಂದು ಕಂತೆಯನ್ನು ಎತ್ತಿಕೊಂಡಳು. ಓದುವವರ ಹೊರತು ಮುಟ್ಟಬಾರದೆಂಬ ಕಟ್ಟಲೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕಂತೆ. ಕೂಸು ಭಾರ, ಕಂತೆ ಹಗುರ. ಇನ್ನೊಮ್ಮೆ ಎತ್ತಿ ಇಳಿಸಿ ನೋಡಿದಳು.

"ಇದ ಇಸ್ಟಿಸ್ಟೇ ಕಟ್ಬುಡಿ. ಒಂದು ಮಾಡ್ಬೇಡಿ, ಆರು ಮಾಡಿ."

"ಏನಂದೆ?" ಎಂದ ಕೆಂಪಸಿದ್ದಯ್ಯ.

"ಆರು ಪುಸ್ತಕ. ಅತ್ತೆ ಕೈಗೆ ಬರೋ ಅಂಗೆ."

"ಪುರಾಣವ ಓಳು ಮಾಡುಸ್ತೀಯೇನೇ? ಅವ್ವ ಸುಮ್ಕಿರ್ತಾಳಾ? ಅಪಸಕುನ ಅಂತಾರೆ ಊರಲ್ಲಿ."

ಫಕ್ರುದ್ದೀನನೂ ತಲೆಯಾಡಿಸಿದ. "ಹಿರಿಯರು ಬಂದು ಹೇಳ್ಲಿ ತಾಯಿ. ನಾಳೆ ನಿಮ್ಮೋರು ಬಂದು, ನಮ್ಮ ದೇವರ ಪುಸ್ತಕ ಯಾಕೆ ಕತ್ತರಿಸ್ದೆ ಅಂದ್ರೆ ನಾನೇನು ಜವಾಬು ಕೊಡ್ಲಿ?"

ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು. ಅದು ಅವನ ಹೆಂಡತಿ ಅಖ್ತರ್ ಬೇಗಂ. "ನಮ್ದು ಹ್ಯಾಗೆ ಇದೆ ಅಂತ ಹೇಳ್ರೀ ಅವರಿಗೆ. ನಮ್ಮ ದೊಡ್ಡ ಕಿತಾಬು ಮೂವತ್ತು ಭಾಗ ಮಾಡಿ ಬೇರೆಬೇರೆ ಕಟ್ಟಿಲ್ವಾ? ನೀವೇ ಕಟ್ಟಿದ್ದೀರಿ. ಹತ್ತು ಜನ ಕೂತ್ರೆ ಹತ್ತು ಜನಾನೂ ಒಂದೊಂದು ಹಿಡ್ಕೊಂಡು ಓದ್ತಾರೆ. ಅದರಿಂದ ಅದರ ಮರ್ಯಾದೆ ಹೋಯ್ತಾ? ನನ್ನ ಅತ್ತೆ ಮಂಚದ ಮೇಲೆ ಮಲಗಿದ್ದಾಗ ಎದೆ ಮೇಲೆ ಅದನ್ನೇ ಇಟ್ಕೊಂಡು ಓದ್ತಿದ್ರು."

ಫಕ್ರುದ್ದೀನ್ ಗಡ್ಡ ಕೆರೆದುಕೊಂಡ. "ಅದು ನಿಜಾನೇ," ಎಂದ. "ಹೊಲಿಗೆ ಇರೋ ಕಡೆ ಬಿಡಿಸಿದ್ರೆ ಒಂದು ಹಾಳೇನೂ ಕತ್ತರಿಸ್ಬೇಕಾಗಿಲ್ಲ. ಆದ್ರೆ ಆರು ಪುಸ್ತಕಕ್ಕೆ ಹನ್ನೆರಡು ರಟ್ಟು. ಎಲ್ಲಿಂದ ತರ್ಲಿ?"

"ನನ್ ಮದ್ವೆ ಸೀರೆ ಪೆಟ್ಗೆ ಅದೆ, ರಟ್ಟಿಂದು. ಕೊಡ್ತೀನಿ," ಎಂದಳು ಚಿಕ್ಕಲಕ್ಷ್ಮಮ್ಮ. "ಸೀರೆ ಬೇಕಾದ್ರೆ ಗಂಟಲ್ಲಿ ಇರ್ಲಿ."

ಮಾಘ ಬರುವುದರೊಳಗೆ ಆರು ಪುಸ್ತಕಗಳು ಬಂದವು. ಒಂದೊಂದೂ ಒಂದು ಸೌಟಿನಷ್ಟು ತೂಕ. ಮೇಲೆ ಚಿಕ್ಕಲಕ್ಷ್ಮಮ್ಮನ ಹಳೆಯ ಕೆಂಪು ಸೀರೆಯ ಹೊದಿಕೆ. ಅದೇ ಭಾನುವಾರ ಕೆಂಪಸಿದ್ದಯ್ಯ ಮಣೆಗೆ ನಾಲ್ಕು ಮೂಲೆಯಲ್ಲೂ ತೂತು ಕೊರೆದು ಹಗ್ಗ ಪೋಣಿಸಿ, ಕೂಸಿನ ಜೋಲಿಯ ಪಕ್ಕದ ತೊಲೆಗೆ ತೂಗುಹಾಕಿದ. ಗೋಡೆಗೆ ಒರಗಿ ಕೂತವರ ಎದೆಯ ಮಟ್ಟಕ್ಕೆ ಬರುವ ಹಾಗೆ ಇಳಿಸಿ, ಹಿಂದಿನ ಹಗ್ಗಗಳನ್ನು ಗಿಡ್ಡ ಮಾಡಿದ. ಮಣೆ ಓದುವವರ ಕಡೆಗೆ ವಾಲಿತು. ಪುಸ್ತಕ ಜಾರದ ಹಾಗೆ ಕೆಳ ಅಂಚಿಗೆ ಒಂದು ಪಟ್ಟಿ ಹೊಡೆದ.

"ಕೂಸಿಗೂ ತೂಗುಯ್ಯಾಲೆ, ಪುರಾಣಕ್ಕೂ ತೂಗುಯ್ಯಾಲೆ," ಎಂದ ಮರಿಯಯ್ಯ. "ನಂಗೂ ಒಂದು ಕಟ್ಬುಡ್ಲಾ, ನಾನೂ ಬಿದ್ಕೊತೀನಿ."

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ರೇವಮ್ಮನ ಮೇಲಿತ್ತು. ಅವಳು ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಬಂದು ನಿಂತಿದ್ದಳು. ಚಾಪೆಯ ಮೇಲೆ ಸಾಲಾಗಿದ್ದ ಆರು ಪುಸ್ತಕಗಳನ್ನು ನೋಡಿ ಅವಳ ಮುಖ ಕಪ್ಪಿಟ್ಟಿತು.

"ನಮ್ಮಪ್ಪನ ಪುಸ್ತಕವ ಕುಯ್ದಾಕ್ಬುಟ್ರಾ?"

"ಒಂದು ಆಳೇನೂ ಕುಯ್ದಿಲ್ಲ ಅತ್ತೆ. ಒಲಿಗೆ ಬುಡ್ಸಿ ಕಟ್ಸಿದ್ದೀನಿ."

"ಯಾರ್ನ ಕೇಳಿ ಮಾಡ್ದೆ?"

"ಯಾರ್ನೂ ಕೇಳ್ಲಿಲ್ಲ. ಕೇಳಿದ್ರೆ ಬ್ಯಾಡ ಅಂತಿದ್ರಿ." ಚಿಕ್ಕಲಕ್ಷ್ಮಮ್ಮನ ಗಂಟಲು ಆಗ ಮಾತ್ರ ಸಣ್ಣಗಾಯಿತು. "ಬೈಯಂಗಿದ್ರೆ ಬೈಯಿರಿ. ಆದ್ರೆ ಒಂದ್ಸಲ ಎತ್ತಿ ನೋಡಿ ಬೈಯಿರಿ."

ಅವಳು ನಾಲ್ಕನೆಯ ಪುಸ್ತಕವನ್ನು ತೆಗೆದು ಅತ್ತೆಯ ಮುಂದೆ ಹಿಡಿದಳು. ರೇವಮ್ಮ ಊದಿದ ಎರಡು ಕೈಗಳನ್ನು ಚಾಚಿ, ಬೆರಳು ಮಡಚದೆ, ಅಂಗೈಗಳ ಮೇಲೆ ಅದನ್ನು ಇಸಿದುಕೊಂಡಳು. ಕೈ ಕುಸಿಯಲಿಲ್ಲ. ಮಣಿಕಟ್ಟು ಚೀರಲಿಲ್ಲ. ಮೆಲ್ಲಗೆ ಎದೆಯವರೆಗೆ ಎತ್ತಿದಳು, ಗಲ್ಲದವರೆಗೆ ಎತ್ತಿದಳು, ಕೊನೆಗೆ ಕಣ್ಣಿಗೆ ಒತ್ತಿಕೊಂಡಳು.

"ಮೂರು ವರ್ಸ ಆಗಿತ್ತು," ಎಂದಳು. "ಕಣ್ಣಿಗೆ ಒತ್ಕೊಂಡು ಮೂರು ವರ್ಸ ಆಗಿತ್ತು."

ಮರಿಯಯ್ಯ ಆ ಕಡೆ ತಿರುಗಿ ತೊಲೆಯ ಗಂಟನ್ನು ಬಿಗಿ ಇದೆಯೇ ಎಂದು ನೋಡತೊಡಗಿದ. ಅದು ಬಿಗಿಯಾಗಿಯೇ ಇತ್ತು.

ಮಧ್ಯಾಹ್ನ ಬೀದಿಗೆ ಸುದ್ದಿ ಮುಟ್ಟಿ ಹೆಂಗಸರೆಲ್ಲ ಬಂದರು. ಬಸರಾಳಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ಮಂಚಮ್ಮ ಎಲ್ಲರಿಗಿಂತ ಮುಂದೆ ಕೂತಳು. ರೇವಮ್ಮ ಗೋಡೆಗೆ ಒರಗಿ ಕೂತಳು. ಬೆನ್ನಿಗೆ ಹಳೆಯ ಕಂಬಳಿಯ ಸುರುಳಿ, ಎದುರಿಗೆ ತೂಗುವ ಮಣೆ, ಕತ್ತು ಬಗ್ಗಿಸಬೇಕಿಲ್ಲ, ಕೈ ಎತ್ತಬೇಕಿಲ್ಲ. ಹಾಳೆ ತಿರುವಲು ಏನು ಮಾಡುವುದೆಂದು ನೋಡುತ್ತಿದ್ದಾಗ ಚಿಕ್ಕಲಕ್ಷ್ಮಮ್ಮ ತನ್ನ ಪೆಟ್ಟಿಗೆಯ ತಳದಿಂದ ಒಂದು ಕೊಕ್ಕರೆಯ ಗರಿ ತಂದು ಕೊಟ್ಟಳು. ಹುಡುಗಿಯಾಗಿದ್ದಾಗ ತವರಿನ ಹುಣಿಸೇಮರದ ಕೆಳಗೆ ಆಯ್ದದ್ದು. ರೇವಮ್ಮ ಅದನ್ನು ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಹಾಳೆಯ ಅಡಿಗೆ ತೂರಿಸಿ ಎತ್ತಿದಳು. ಹಾಳೆ ತಾನಾಗಿ ಮಗುಚಿಕೊಂಡಿತು.

ಓದು ಶುರುವಾಯಿತು. ರಾಣಿ ಇನ್ನೂ ಹೊಳೆಯ ನಡುವೆಯೇ ನಿಂತಿದ್ದಳು, ಒಂದು ತಿಂಗಳಿನಿಂದ. ನೀರು ಎದೆಯಿಂದ ಕುತ್ತಿಗೆಗೆ ಬಂತು. ಕಾಲ ಕೆಳಗಿನ ಮರಳು ಜಾರಿತು. ಚಿಕ್ಕಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದಳು. ಅಲ್ಲಿಂದ ತೊಟ್ಟಿಯ ಕಂಬಕ್ಕೆ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು.

ರೇವಮ್ಮ ಓದು ನಿಲ್ಲಿಸಿ ಮೂಗು ಅರಳಿಸಿದಳು. ಆಮೇಲೆ ಇಡೀ ಬೀದಿಗೆ ಕೇಳುವಂತೆ ದನಿ ಎತ್ತಿದಳು. "ಸಾರು ಸೀಯ್ತಾ ಅದೆ ಕಣಮ್ಮಿ! ಕಿವಿ ಇಲ್ಲಿ ಮಡಿಕ್ಕೊಂಡು ಮೂಗ ಎಲ್ಲಿ ಮಡಗಿದ್ದೀಯೆ? ಉಪ್ಪು ಆಕಕ್ಕೆ ಬರಾಕಿಲ್ಲ, ಇಟ್ಟು ಮಾಡುದ್ರೆ ಗಂಟು, ಈಗ ಸಾರೂ ಓಯ್ತು!"

ಒಂದು ತಿಂಗಳಿಗೆ ಆ ಮನೆಯಲ್ಲಿ ಕೇಳಿದ ಮೊದಲ ಬೈಗುಳ ಅದು. ಚಿಕ್ಕಲಕ್ಷ್ಮಮ್ಮನಿಗೆ ಈಗ ಸಮಾಧಾನವಾಯಿತು. ಅವಳು ನಿಂತಲ್ಲಿಂದ ಕದಲಲಿಲ್ಲ.

"ಸಾರು ಸೀದ್ರೆ ಇನ್ನೊಂದು ಮಾಡ್ತೀನಿ ಬುಡಿ ಅತ್ತೆ. ಮೊದ್ಲು ಅವ್ಳ ದಡ ಸೇರ್ಸಿ."

ರೇವಮ್ಮ ಗರಿಯನ್ನು ಹಾಳೆಯ ಅಡಿಗೆ ತೂರಿಸಿದಳು. ಹಾಳೆ ಮಗುಚಿತು, ಮತ್ತು ರಾಣಿ ಕೂಸಿನೊಂದಿಗೆ ದಡ ಹತ್ತಿದಳು.